ನೆರೆಯವರ ಕಾವು

ಸ್ಪಿರಿದೋನ್ ಗಾಲಾಬೊವ್ ಮೇಷ್ಟ್ರು ಮನೆ ಕಾಯಿಸುವ ಬಿಸಿನೀರಿನ ರೇಡಿಯೇಟರುಗಳ ತಿರುಗಣಿಗಳನ್ನೆಲ್ಲ ಮುಚ್ಚಿ ಕೂತದ್ದು ಬಡತನದಿಂದಲ್ಲ, ವಿದ್ಯೆಯಿಂದ. ಹಾಗೆಂದು ಅವರೇ ಹೇಳಿಕೊಳ್ಳುತ್ತಿದ್ದರು, ಕೇಳದವರಿಗೂ ಹೇಳುತ್ತಿದ್ದರು. ಪೆರ್ನಿಕ್ ಊರಿನ ತಾಂತ್ರಿಕ ಶಾಲೆಯೊಂದರಲ್ಲಿ ತಲೆ ನರೆಯುವ ತನಕ ಅವರು ಕಲಿಸಿದ್ದು ಒಂದೇ ವಿಷಯ: ಕಾವು ಒಂದು ವಸ್ತುವಿನ ಒಳಗೆ ಹೇಗೆ ನುಗ್ಗುತ್ತದೆ, ಹೊರಗಿನ ಬಿಸಿ ಏರಿಳಿದರೆ ಒಳಗಿನದು ಎಷ್ಟು ಹೊತ್ತು ತಡೆದು ಏರಿಳಿಯುತ್ತದೆ. ಗಣಿಗೂ ಉಕ್ಕಿನ ಕಾರ್ಖಾನೆಗೂ ಹೋಗಬೇಕಾಗಿದ್ದ ಹುಡುಗರು ಆ ಪಾಠವನ್ನು ಆಕಳಿಸುತ್ತ ಕೇಳಿ, ಆಮೇಲೆ ಕುಲುಮೆಯ ಮುಂದೆ ನಿಂತು ಕೈ ಸುಟ್ಟುಕೊಂಡು ಕಲಿತರು. ಮೇಷ್ಟ್ರಿಗೆ ಮಾತ್ರ ಅದರ ಮೇಲಿನ ಮೋಹ ಕಡಿಮೆಯಾಗಲಿಲ್ಲ. ಬೇರೆ ಗಂಡಸರು ಫುಟ್‌ಬಾಲ್ ಬಗ್ಗೆ ಮಾತಾಡುವ ಹಾಗೆ ಅವರು ಗೋಡೆಗಳ ಬಗ್ಗೆ ಮಾತಾಡುತ್ತಿದ್ದರು.

ಅವರ ಹೆಂಡತಿ ತ್ರೆಂದಾಫಿಲಾ ಬ್ರೆಡ್ಡಿನ ಕಾರ್ಖಾನೆಯಲ್ಲಿ ದುಡಿದವಳು. ಪ್ರಾಯವೆಲ್ಲ ಒಲೆಯ ಬಾಯಿಯ ಮುಂದೆ ಕಳೆದು ಕೆನ್ನೆ ಕೆಂಪಾಗಿ, ತೋಳು ದಪ್ಪವಾಗಿ, ಚಳಿ ಎಂದರೆ ಏನೆಂದು ಗೊತ್ತಿಲ್ಲದೆ ನಿವೃತ್ತಿಯಾದಳು. ಗೊತ್ತುಮಾಡಿಸಲು ಮನೆಯಲ್ಲಿ ಗಂಡನಿದ್ದ.

ಮೊದಲು ಅವರಿದ್ದದ್ದು ಕಾಂಕ್ರೀಟ್ ಹಲಗೆಗಳ ದೊಡ್ಡ ಕಟ್ಟಡವೊಂದರ ತುದಿ ಮಹಡಿಯ ಮೂಲೆಮನೆಯಲ್ಲಿ. ಅಡುಗೆಮನೆಯ ಕಿಟಕಿಯಿಂದ ವಿತೊಶಾ ಬೆಟ್ಟ ಪೂರ್ತಿ ಕಾಣುತ್ತಿತ್ತು. ರೇಡಿಯೇಟರುಗಳಿಗೆ ಮೀಟರು ಹಾಕುತ್ತಾರೆ, ಇನ್ನು ಮೇಲೆ ಯಾರು ಎಷ್ಟು ಉರಿಸುತ್ತಾರೋ ಅಷ್ಟಕ್ಕೆ ಬಿಲ್ಲು ಎಂಬ ಸುದ್ದಿ ಬಂದ ವರ್ಷ ಮೇಷ್ಟ್ರು ಆ ಮನೆಯನ್ನು ಅದೇ ಕಟ್ಟಡದ ನಡುವಿನ ಕತ್ತಲೆಮನೆಗೆ ಅದಲುಬದಲು ಮಾಡಿಕೊಂಡರು. ಹೆಂಡತಿಗೆ ಮೆಟ್ಟಿಲು ಹತ್ತುವ ಕಷ್ಟ ತಪ್ಪಿತು ಎಂದರು. ಅವಳು ನಂಬಿದಳು. ಸಾಮಾನು ಇಳಿಸಿದ ಸಂಜೆಯೇ ಅವರು ಮನೆಯ ಗೋಡೆಗಳನ್ನು ಒಂದೊಂದಾಗಿ ಅಂಗೈಯಿಂದ ಮುಟ್ಟಿ ನೋಡುತ್ತ, ಹಸು ಕೊಂಡವನು ಅದರ ಬೆನ್ನು ಸವರುವ ಹಾಗೆ ಸವರುತ್ತ ನಡೆದಾಗ ಅವಳಿಗೆ ಅನುಮಾನ ಬಂತು.

ಕೆಳಗಿನ ಮನೆಯಲ್ಲಿ ಬೊಯ್ಕಾ ಇದ್ದಳು. ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ಓಡಿಸಿ ನಿವೃತ್ತಿಯಾದ ವಿಧವೆ. ಎತ್ತರದಿಂದ ಕೂಗಿ ಕೂಗಿ ಅಭ್ಯಾಸವಾಗಿ, ಪಕ್ಕದಲ್ಲಿ ಕೂತವರ ಜೊತೆಗೂ ಕೂಗಿಯೇ ಮಾತಾಡುವವಳು. ಮೇಲಿನ ಮನೆಯಲ್ಲಿ ಬಸ್ಸಿನ ಡ್ರೈವರ್ ಪಾಂತಲೇಯ್, ಅವನ ಹೆಂಡತಿ, ಕೂಸು. ಪಕ್ಕದಲ್ಲಿ ಗೋರಿಕಲ್ಲು ಕೆತ್ತುವ ಯೆವ್ಲೋಗಿ, ಒಂಟಿ. ಮೂವರೂ ಚಳಿ ತಾಳದ ಜನ, ಅಕ್ಟೋಬರಿನಲ್ಲೇ ರೇಡಿಯೇಟರ್ ತಿರುಗಿಸುವವರು. ಇದನ್ನೆಲ್ಲ ಮೇಷ್ಟ್ರು ಮೊದಲೇ ವಿಚಾರಿಸಿ ತಿಳಿದುಕೊಂಡಿದ್ದರು. ಹೆಣ್ಣು ಕೊಡುವವರು ಕೂಡ ಇಷ್ಟು ವಿಚಾರಿಸುವುದಿಲ್ಲ.

ಆ ಚಳಿಗಾಲ ಅವರು ಮನೆಯ ಎಲ್ಲಾ ರೇಡಿಯೇಟರುಗಳನ್ನೂ ಮುಚ್ಚಿದರು. ಹಜಾರದ್ದರ ಮೇಲೆ ಟೋಪಿಗಳು, ಮಲಗುವ ಕೋಣೆಯದರ ಮೇಲೆ ಹಳೆಯ ಪತ್ರಿಕೆಗಳು, ಅಡುಗೆಮನೆಯದರ ಮೇಲೆ ಒಣಗಿದ ಕೆಂಪು ಮೆಣಸಿನ ಸರ ಬಂದು ಕೂತವು. ಮನೆ ಹೆಚ್ಚೇನೂ ತಣ್ಣಗಾಗಲಿಲ್ಲ. ಸ್ವೆಟರು ಹಾಕಿಕೊಂಡರೆ ಸಾಕಿತ್ತು. ಇಷ್ಟಕ್ಕೇ ಸುಮ್ಮನಿದ್ದಿದ್ದರೆ ಅವರು ಸಾಯುವ ತನಕ ಹಾಗೆಯೇ ಇರಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಮೇಷ್ಟ್ರಾದವರು ತಿಳಿದದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಬದುಕುವುದು ಹೇಗೆ? ಕಟ್ಟಡದ ಮುಂದಿನ ಬೆಂಚಿನ ಮೇಲೆ, ಬಿಸಿಲು ಬಿದ್ದ ಒಂದು ಮಧ್ಯಾಹ್ನ, ಸೂರ್ಯಕಾಂತಿ ಬೀಜ ಬಿಡಿಸುತ್ತ ಕೂತಿದ್ದವರ ಮುಂದೆ ಅವರು ಪಾಠ ಶುರು ಮಾಡಿದರು.

"ಬೊಯ್ಕಾ, ನೀನು ಬೆಳಗ್ಗೆ ಎದ್ದು ರೇಡಿಯೇಟರ್ ಹಚ್ತೀಯಲ್ಲ, ಆ ಬಿಸಿ ಎಲ್ಲಿಗೆ ಹೋಗುತ್ತೆ ಹೇಳು ನೋಡೋಣ."

"ನನ್ನ ಮೊಣಕಾಲಿಗೆ," ಎಂದಳು ಬೊಯ್ಕಾ.

"ಸ್ವಲ್ಪ ನಿನ್ನ ಮೊಣಕಾಲಿಗೆ. ಮಿಕ್ಕಿದ್ದು ಸೂರಿಗೆ. ಸೂರಿನೊಳಗೆ ಬಸವನಹುಳದ ಹಾಗೆ ತೆವಳಿಕೊಂಡು ಹೋಗಿ ಸಂಜೆ ಹೊತ್ತಿಗೆ ನನ್ನ ಪಾದಕ್ಕೆ ಬರುತ್ತೆ. ನೀನು ಆರಿಸಿ ಮಲಗಿದ ಮೇಲೂ ಬರ್ತಾನೇ ಇರುತ್ತೆ. ಕಾಂಕ್ರೀಟು ಅಂದ್ರೆ ಹಾಗೆ, ತಗೊಳ್ಳೋದೂ ನಿಧಾನ, ಬಿಡೋದೂ ನಿಧಾನ. ಪಾಂತಲೇಯ್‌ದು ಮೇಲಿಂದ, ಯೆವ್ಲೋಗಿದು ಪಕ್ಕದಿಂದ. ನಾನು ನಡುವೆ."

"ಅಂದ್ರೆ ಮೇಷ್ಟ್ರೇ, ನಾವು ಮೂರು ಜನ ದುಡ್ಡು ಕೊಟ್ಟು ನಿಮ್ಮನ್ನ ಕಾಯಿಸ್ತಾ ಇದೀವಿ," ಎಂದ ಯೆವ್ಲೋಗಿ.

"ನೀವಲ್ಲ, ನಿಸರ್ಗ. ಬಿಸಿ ಇರೋ ಕಡೆಯಿಂದ ತಣ್ಣಗಿರೋ ಕಡೆಗೆ ಹರಿಯೋದು ಅದರ ನಿಯಮ. ನಾನು ಬೇಡ ಅಂದ್ರೂ ಅದು ಕೇಳೋದಿಲ್ಲ."

"ಬೇಡ ಅಂತ ಒಂದ್ಸಲ ಅಂದು ನೋಡಿ," ಎಂದಳು ಬೊಯ್ಕಾ. ಬೆಂಚಿನ ತುಂಬ ನಗು. ಮೇಷ್ಟ್ರು ಅದನ್ನು ಮೆಚ್ಚುಗೆಯ ನಗು ಎಂದುಕೊಂಡರು. ತರಗತಿಯಲ್ಲೂ ಅವರು ಹಾಗೇ ಅಂದುಕೊಳ್ಳುತ್ತಿದ್ದರು.

ಮುಂದಿನ ಬೇಸಿಗೆ ಅವರು ತಮ್ಮ ಮನೆಯ ಹೊರಗೋಡೆಗೆ ಮಾತ್ರ ಬಿಳಿ ಫೋಮಿನ ದಪ್ಪ ಹಲಗೆ ಅಂಟಿಸಿ, ಮೇಲೆ ಗಾರೆ ಬಳಿಸಿ, ಹಸಿರು ಬಣ್ಣ ಹೊಡೆಸಿದರು. ನೆರೆಯವರಿಂದ ಬಂದ ಕಾವು ಬೀದಿಗೆ ಸೋರಬಾರದು ಎಂದು. ಮಾಸಿದ ಬೂದು ಕಟ್ಟಡದ ನಡುಮೈಯಲ್ಲಿ ಒಂದು ಚೌಕ ಹಸಿರು ತೇಪೆ. ಪಾಂತಲೇಯ್‌ನ ಬಸ್ಸಿನಲ್ಲಿ ಜನ ಆ ನಿಲ್ದಾಣಕ್ಕೆ "ತೇಪೆ" ಎಂದೇ ಟಿಕೆಟ್ ಕೇಳತೊಡಗಿದರು. ಮೇಷ್ಟ್ರಿಗೆ ಅದೂ ಹೆಮ್ಮೆಯೇ.

ಹೆಮ್ಮೆ ಮಿತಿ ಮೀರಿದ್ದು ಒಂದು ನವೆಂಬರಿನಲ್ಲಿ. ಬೊಯ್ಕಾ ತಂಗಿಯ ಮನೆಗೆ ಹೋಗಿ ಕೆಲವು ದಿನ ಉಳಿದು ಬಂದಿದ್ದಳು, ಹೋಗುವಾಗ ರೇಡಿಯೇಟರ್ ಆರಿಸಿದ್ದಳು. ಬಂದು ಚಪ್ಪಲಿ ಬದಲಿಸುವಷ್ಟರಲ್ಲಿ ಮೇಷ್ಟ್ರು ಬಾಗಿಲು ತಟ್ಟಿದರು.

"ಬೊಯ್ಕಾ, ಇದು ಸರಿಯಲ್ಲ. ನಮ್ಮ ನೆಲ ತಣ್ಣಗಾಗಿಬಿಟ್ಟಿದೆ."

ಬೊಯ್ಕಾಗೆ ಮೊದಲು ಅರ್ಥವಾಗಲಿಲ್ಲ. "ನಿಮ್ಮ ನೆಲಕ್ಕೆ ನಾನೇನ್ ಮಾಡ್ಲಿ?"

"ಮನೆ ಬಿಟ್ಟು ಹೋಗುವಾಗ ಪೂರ್ತಿ ಆರಿಸಬಾರದು. ಸಣ್ಣಗೆ ಇಟ್ಟಿರಬೇಕು. ಕಾಂಕ್ರೀಟ್ ಒಂದು ಸಲ ತಣ್ಣಗಾದರೆ ಮತ್ತೆ ಕಾಯೋಕೆ ಎಷ್ಟು ಹಿಡಿಯುತ್ತೆ ಗೊತ್ತಾ? ತ್ರೆಂದಾಫಿಲಾಗೆ ಸೊಂಟ ಹಿಡ್ಕೊಂಡಿದೆ."

ಬೊಯ್ಕಾ ಬಾಗಿಲ ಚೌಕಟ್ಟಿಗೆ ಒರಗಿ ಅವರನ್ನು ಮೇಲಿಂದ ಕೆಳಗೆ ನೋಡಿದಳು. ಜೀವಮಾನದಲ್ಲಿ ಮೊದಲ ಬಾರಿಗೆ ಅವಳು ಸಣ್ಣ ದನಿಯಲ್ಲಿ ಮಾತಾಡಿದಳು ಎಂದು ಆಮೇಲೆ ಮೆಟ್ಟಿಲ ಸಾಲಿನವರೆಲ್ಲ ಹೇಳಿಕೊಂಡರು. "ತ್ರೆಂದಾಫಿಲಾನ ಕಳಿಸಿ ಮೇಷ್ಟ್ರೇ. ಅವಳ ಸೊಂಟಕ್ಕೆ ನಾನಿದೀನಿ."

ಅಂದಿನಿಂದ ತ್ರೆಂದಾಫಿಲಾ ದಿನವೂ ಉಪ್ಪು ಕೇಳುವ ನೆಪದಲ್ಲಿ ಕೆಳಗಿಳಿಯುತ್ತಿದ್ದಳು. ಉಪ್ಪು ಸಿಕ್ಕಿದ ಮೇಲೆ ಕಾಫಿ, ಕಾಫಿಯ ಮೇಲೆ ಟೀವಿ, ಟೀವಿಯ ಮುಂದೆ ರೇಡಿಯೇಟರಿಗೆ ಬೆನ್ನು ಕೊಟ್ಟು ಒಂದು ನಿದ್ದೆ. ಮೇಷ್ಟ್ರು ಮೇಲೆ ಒಬ್ಬರೇ ಕೂತು ಗೋಡೆಗೆ ಅಂಗೈ ಇಟ್ಟು ನೋಡುತ್ತಿದ್ದರು.

ಜನವರಿಯಲ್ಲಿ ಬರುವ ಸಂತ ಇವಾನನ ಹಬ್ಬಕ್ಕೆ ಬೊಯ್ಕಾಳ ಹಳ್ಳಿಮನೆಯಲ್ಲಿ ಕೂಟ ಎಂದು ತೀರ್ಮಾನವಾಯಿತು. ಅಲ್ಲಿ ದೊಡ್ಡ ಒಲೆ ಇತ್ತು, ಹಂದಿ ಕಡಿದಿದ್ದರು, ಪೀಪಾಯಿಯಲ್ಲಿ ಹುಳಿ ಎಲೆಕೋಸು ಹದಕ್ಕೆ ಬಂದಿತ್ತು. ಪಾಂತಲೇಯ್ ರಜೆ ಹಾಕಿ ಹೆಂಡತಿ ಕೂಸಿನ ಜೊತೆ ಹೊರಟ. ಯೆವ್ಲೋಗಿ ಹಣ್ಣಿನ ಸಾರಾಯಿ ರಾಕಿಯಾ ತುಂಬಿದ ದೊಡ್ಡ ಸೀಸೆ ಹೊತ್ತು ಹೊರಟ. ಸತ್ತವರಿಗೆ ಅವಸರವಿರುವುದಿಲ್ಲ, ಕಲ್ಲು ಕಾಯುತ್ತದೆ ಎಂದ. ಮೂವರೂ ತಮ್ಮ ತಮ್ಮ ರೇಡಿಯೇಟರುಗಳನ್ನು ಬಿಗಿಯಾಗಿ ಮುಚ್ಚಿದರು. ಒಬ್ಬರಿಗೊಬ್ಬರು ಮಾತಾಡಿಕೊಂಡು ಮುಚ್ಚಿದರೋ ತಾವಾಗಿ ಮುಚ್ಚಿದರೋ ಎಂದು ಆಮೇಲೆ ಕೇಳಿದಾಗ ಮೂವರೂ ಚಾವಣಿ ನೋಡಿದರು.

"ನಾನೂ ಹೋಗ್ತೀನಿ," ಎಂದಳು ತ್ರೆಂದಾಫಿಲಾ, ಆಗಲೇ ಚೀಲ ಕಟ್ಟಿ.

"ಹೋಗು. ನಾನು ಬರೋದಿಲ್ಲ. ಯಾರಾದ್ರೂ ಒಬ್ಬರು ಮನೇಲಿ ಇರಬೇಕು."

"ಯಾಕೆ, ಗೋಡೆ ಓಡಿಹೋಗುತ್ತಾ?"

"ಅವರೆಲ್ಲ ಆರಿಸಿ ಹೋದ್ರೆ ನಾನು ಹೆದರ್ತೀನಿ ಅಂದ್ಕೊಂಡಿದಾರೆ. ಇಷ್ಟು ದಪ್ಪ ಕಾಂಕ್ರೀಟು ಇದೆ, ಹೊರಗೆ ಫೋಮ್ ಇದೆ. ಮನೆ ಒಂದು ಥರ್ಮಾಸ್ ಫ್ಲಾಸ್ಕು."

"ಫ್ಲಾಸ್ಕಿನೊಳಗೆ ಮೊದಲು ಬಿಸಿ ಹಾಕ್ಬೇಕು, ಸ್ಪಿರೋ," ಎಂದು ಅವಳು ಮಫ್ಲರು ಸುತ್ತಿಕೊಂಡು ಹೊರಟಳು.

ಮೊದಲ ದಿನ ಮೇಷ್ಟ್ರದೇ ಗೆಲುವು. ಹೊರಗೆ ಹಿಮ ಬೀಳುತ್ತಿದ್ದರೂ ಮನೆ ಎಂದಿನ ಹಾಗೇ ಇತ್ತು. ಖಾಲಿ ಮನೆಗಳ ಕಾವನ್ನು ಕಾಂಕ್ರೀಟು ಇನ್ನೂ ಬಿಡುತ್ತಿತ್ತು. ಅವರು ಹುರುಳಿಕಾಯಿ ಸೂಪು ಬಿಸಿ ಮಾಡಿಕೊಂಡು, ಉಪ್ಪಿನಕಾಯಿ ಸೌತೆ ಕಡಿಯುತ್ತ, ಹಳ್ಳಿಯಲ್ಲಿ ತಮ್ಮ ಬಗ್ಗೆ ನಗುತ್ತಿರುವವರಿಗೆ ಮನಸ್ಸಿನಲ್ಲೇ ಪಾಠ ಹೇಳಿದರು. ಪಾಠ ಚೆನ್ನಾಗಿಯೇ ಆಯಿತು, ಯಾರೂ ಆಕಳಿಸಲಿಲ್ಲ.

ಮರುದಿನ ನೆಲ ಬದಲಾಯಿತು. ಮೊದಲು ಪಾದಕ್ಕೆ, ಆಮೇಲೆ ಹಿಮ್ಮಡಿಗೆ. ಅಂಗೈಯಿಟ್ಟರೆ ಗೋಡೆ ಕೊಡುವುದನ್ನು ಬಿಟ್ಟು ತೆಗೆದುಕೊಳ್ಳತೊಡಗಿತ್ತು. ಏನಾಗುತ್ತಿದೆ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರು ಆ ಊರಿನಲ್ಲಿರಲಿಲ್ಲ: ನೆರೆಮನೆಗಳು ತಣ್ಣಗಾಗಿವೆ, ಆ ತಂಪು ಈಗ ಬಂದು ತಲುಪಿದೆ, ಕಾವು ಬಂದ ದಾರಿಯಲ್ಲೇ, ಕಾವಿನಷ್ಟೇ ನಿಧಾನವಾಗಿ. ಬಲ್ಲವರಾಗಿದ್ದರಿಂದ ಚಳಿಯೇನೂ ಕಡಿಮೆಯಾಗಲಿಲ್ಲ. ಸ್ವೆಟರಿನ ಮೇಲೆ ಸ್ವೆಟರು, ಅದರ ಮೇಲೆ ಕೋಟು, ಕಾಲಿಗೆ ತ್ರೆಂದಾಫಿಲಾಳ ಉಣ್ಣೆಯ ಕಾಲುಚೀಲ. ಮನೆಯ ಮೂಲೆಯಲ್ಲಿ ಮೇಲಿನ ಮಹಡಿಗಳಿಗೆ ಬಿಸಿನೀರು ಒಯ್ಯುವ ಕೊಳವೆಯೊಂದು ಹಾದುಹೋಗಿತ್ತು. ಅದೊಂದನ್ನು ಯಾರೂ ಆರಿಸುವಂತಿರಲಿಲ್ಲ. ಮೇಷ್ಟ್ರು ಕುರ್ಚಿಯನ್ನು ಅದರ ಬಳಿಗೆ ಎಳೆದು, ನೋಡುವವರಿಲ್ಲ ಎಂದು ಖಚಿತವಾದ ಮೇಲೆ, ಎರಡೂ ಕೈಯಿಂದ ಅದನ್ನು ತಬ್ಬಿಕೊಂಡರು. ಎದೆ ಬೆಚ್ಚಗಾಯಿತು. ಬೆನ್ನಿನಲ್ಲಿ ಹಿಮ ಕೂತಿತ್ತು.

ಇನ್ನೊಂದು ದಿನ ತಡೆದರು. ಬಾಯಿಂದ ಬಿಟ್ಟ ಉಸಿರು ಕಣ್ಣಿಗೆ ಕಂಡಾಗ ಮಾತ್ರ ಎದ್ದು, ಟೋಪಿಗಳನ್ನು ತೆಗೆದಿಟ್ಟು, ರೇಡಿಯೇಟರಿನ ತಿರುಗಣಿಗೆ ಕೈ ಹಾಕಿದರು. ಅದು ಅಲುಗಲಿಲ್ಲ. ವರ್ಷಗಟ್ಟಲೆ ಮುಟ್ಟದೆ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಇಕ್ಕಳ ತಂದು, ಬಟ್ಟೆ ಸುತ್ತಿ, ಬೈದು, ಬೇಡಿಕೊಂಡು, ಕೊನೆಗೆ ಕಾಲು ಕೊಟ್ಟು ಎಳೆದಾಗ ಅದು ಕಿರುಚಿ ತಿರುಗಿತು. ಒಳಗೆ ಗುಳುಗುಳು ಸದ್ದು, ಆಮೇಲೆ ಕಬ್ಬಿಣ ಕಾಯುವ ವಾಸನೆ. ಮನೆಯಲ್ಲಿದ್ದ ಎಲ್ಲವನ್ನೂ ಅವರು ಪೂರ್ತಿ ತೆರೆದರು.

ರೇಡಿಯೇಟರುಗಳು ಕೈ ಸುಡುವಷ್ಟು ಕಾದವು. ಮನೆ ಕಾಯಲಿಲ್ಲ. ತಣ್ಣಗಾದ ಗೋಡೆ, ನೆಲ, ಸೂರು ಬಂದ ಕಾವನ್ನೆಲ್ಲ ಬಾಯಾರಿದ ಎತ್ತಿನ ಹಾಗೆ ಹೀರಿಕೊಂಡವು. ಕರಿಹಲಗೆಯ ಮೇಲೆ ಬರೆದು ಬರೆದು ಎಷ್ಟು ಸಲ ತೋರಿಸಿದ್ದರು: ಮೊದಲು ಗೋಡೆ ಕುಡಿಯುತ್ತದೆ, ಆಮೇಲೆ ಗಾಳಿಗೆ ಬಿಡುತ್ತದೆ. ಆಗ ಹುಡುಗನೊಬ್ಬ, "ಅಲ್ಲೀ ತನಕ ಮನುಷ್ಯ ಏನ್ ಮಾಡ್ಬೇಕು ಸಾರ್?" ಎಂದು ಕೇಳಿದ್ದಕ್ಕೆ ಅವನನ್ನು ತರಗತಿಯಿಂದ ಹೊರಗೆ ನಿಲ್ಲಿಸಿದ್ದರು. ಪ್ರಶ್ನೆ ಚೆನ್ನಾಗಿಯೇ ಇತ್ತು ಎಂದು ಈಗ ಅನ್ನಿಸಿತು. ಮರುದಿನದ ಸಂಜೆಗೆ ಮನೆ ಒಂದಿಷ್ಟು ಬೆಚ್ಚಗಾಯಿತು. ಅಷ್ಟು ಹೊತ್ತಿಗೆ ಅವರ ಕಾವು ಮೇಲಕ್ಕೂ ಕೆಳಕ್ಕೂ ಪಕ್ಕಕ್ಕೂ ತೆವಳಿಕೊಂಡು ಹೊರಟಿತ್ತು.

ಹಳ್ಳಿಯಿಂದ ಬಂದವರು ಹೆಪ್ಪುಗಟ್ಟಿದ ಮನೆಗೆ ಕಾಲಿಡುವ ಧೈರ್ಯ ಮಾಡಿಕೊಂಡೇ ಬಂದಿದ್ದರು. ಬೊಯ್ಕಾ ಬಾಗಿಲು ತೆಗೆದು ನಿಂತಳು, ಮೂಗು ಅರಳಿಸಿದಳು, ಸ್ಟೂಲು ಹತ್ತಿ ಸೂರಿಗೆ ಕೈಯಿಟ್ಟಳು. ಆಮೇಲೆ ಅವಳ ನಗು ಮೆಟ್ಟಿಲ ಸಾಲಿನ ತುದಿಯವರೆಗೆ ಕೇಳಿಸಿತು. ಮೇಲೆ ಪಾಂತಲೇಯ್‌ನ ಕೂಸು ಬರಿಗಾಲಲ್ಲಿ ಓಡಾಡುತ್ತಿತ್ತು. ಯೆವ್ಲೋಗಿ ಮಂಚವನ್ನು ಮೇಷ್ಟ್ರ ಕಡೆಯ ಗೋಡೆಗೆ ಒತ್ತಿ ಹಾಕಿಕೊಂಡ.

ಯಾರೂ ತಮ್ಮ ರೇಡಿಯೇಟರ್ ತೆರೆಯಲಿಲ್ಲ.

ಮೇಷ್ಟ್ರು ಕಾದರು. ನಾಳೆ ತೆರೆಯುತ್ತಾರೆ, ನಾಡಿದ್ದು ತೆರೆಯುತ್ತಾರೆ. ಕೊನೆಗೆ ಇಳಿದು ಹೋಗಿ ಬೊಯ್ಕಾಳ ಬಾಗಿಲು ತಟ್ಟಿದರು. ಅವಳು ತೋಳಿಲ್ಲದ ರವಿಕೆಯಲ್ಲಿ ಬಂದು ನಿಂತಳು.

"ಏನು ಮೇಷ್ಟ್ರೇ, ಉಪ್ಪು ಬೇಕಿತ್ತಾ?"

"ನೀವೆಲ್ಲ ಯಾಕೆ ಹಚ್ಚಿಲ್ಲ?"

"ನಮಗೆ ಹೀಗೇ ಅನುಕೂಲವಾಗಿದೆ. ನಿಸರ್ಗ ನೋಡಿ, ನಾನು ಬೇಡ ಅಂದ್ರೂ ಕೇಳೋದಿಲ್ಲ."

"ಇದು ದರೋಡೆ."

"ಪಾಠ ಹೇಳ್ಕೊಟ್ಟೋರು ಯಾರು?"

"ನಾನು ಸಿದ್ಧಾಂತ ಹೇಳಿದ್ದು. ಎಲ್ಲರೂ ಹಾಗೆ ಮಾಡಿ ಅಂತ ಹೇಳಿದ್ನಾ? ಒಬ್ಬ ಮಾಡಿದ್ರೆ ಬುದ್ಧಿವಂತಿಕೆ. ಎಲ್ಲರೂ ಮಾಡಿದ್ರೆ ಕಟ್ಟಡಾನೇ ಸಾಯುತ್ತೆ."

"ಆ ಒಬ್ಬ ನೀವೇ ಆಗ್ಬೇಕು ಅಂತ ಯಾವ ಪುಸ್ತಕದಲ್ಲಿದೆ?" ಎಂದಳು ಬೊಯ್ಕಾ. ಮೇಷ್ಟ್ರು ಸಿಟ್ಟಿನಿಂದ ಮೇಲೆ ಬಂದು ಎಲ್ಲಾ ರೇಡಿಯೇಟರುಗಳನ್ನೂ ಮತ್ತೆ ಮುಚ್ಚಿದರು.

ಇಲ್ಲಿಂದಾಚೆಗೆ ಕಥೆ ಮೇಷ್ಟ್ರ ಕೈ ಬಿಟ್ಟು ಹೋಯಿತು, ಏಕೆಂದರೆ ಮೂರು ಮನೆಯವರಿಗೂ ಆ ಬಿಟ್ಟಿ ಬಿಸಿಯ ರುಚಿ ಹತ್ತಿತ್ತು. ಪಾಂತಲೇಯ್ ಕೆಳಗಿನವರು ತೆರೆಯಲಿ ಎಂದು ಕಾದ. ಯೆವ್ಲೋಗಿ ಪಕ್ಕದವರು ತೆರೆಯಲಿ ಎಂದು ಕಾದ. ಬೊಯ್ಕಾಗೆ ತನ್ನ ಕೆಳಗಿನ ಮನೆಯವರ ಮೇಲೆ ಹೊಸದಾಗಿ ಪ್ರೀತಿ ಹುಟ್ಟಿ, ಚಳಿಯಲ್ಲಿ ಆರಾಮಾಗಿದ್ದೀರಾ ಎಂದು ಕೇಳಲು ದಿನವೂ ಹೋಗತೊಡಗಿದಳು. ಅವರು ಸಂಶಯಗೊಂಡು ತಾವೂ ಕಡಿಮೆ ಮಾಡಿದರು. ಫೆಬ್ರುವರಿಯ ಚಳಿ ಬಿಗಿಯುವ ಹೊತ್ತಿಗೆ ಆ ಸಾಲಿನ ಮನೆಗಳಲ್ಲೆಲ್ಲ ಜನ ಕೋಟು ಹಾಕಿಕೊಂಡು, ಗೋಡೆಗೆ ಅಂಗೈ ಇಟ್ಟು, ಆಚೆಯವನು ಸೋಲುವುದನ್ನು ಕಾಯುತ್ತ ಕೂತಿದ್ದರು. ಪಾಂತಲೇಯ್ ಕೆಲಸ ಮುಗಿದ ಮೇಲೂ ಡಿಪೋದಲ್ಲಿ ಬಸ್ಸಿನ ಇಂಜಿನ್ನಿನ ಬಳಿ ಕೂತಿರುತ್ತಿದ್ದ. ಅವನ ಹೆಂಡತಿ ಕೂಸನ್ನು ಎತ್ತಿಕೊಂಡು ತವರಿಗೆ ಹೋದಳು. ಎಲ್ಲರೂ ಸೇರಿ ಮೆಟ್ಟಿಲ ಮೇಲೆ ಒಂದು ಸಭೆ ಮಾಡಿದರು. ಇಂಥ ದಿನದಿಂದ ಎಲ್ಲರೂ ಒಟ್ಟಿಗೆ ತೆರೆಯೋಣ ಎಂದು ಮಾತಾಯಿತು, ಎಲ್ಲರೂ ಆ ನಾಡಿನ ರೂಢಿಯಂತೆ ಹೌದೆಂದು ತಲೆಯನ್ನು ಅತ್ತಿತ್ತ ಆಡಿಸಿದರು. ಆ ದಿನ ಬಂದಾಗ ಎಲ್ಲರೂ ತಮ್ಮ ತಮ್ಮ ಮನೆಯಲ್ಲಿ ಕಿವಿಗೊಟ್ಟು ಆಚೆಮನೆಯ ಕೊಳವೆಯಲ್ಲಿ ನೀರು ಗುಳುಗುಟ್ಟುತ್ತದೋ ಎಂದು ಕೇಳಿದರು. ಎಲ್ಲಿಯೂ ಗುಳುಗುಟ್ಟಲಿಲ್ಲ.

ಬೊಯ್ಕಾಗೆ ಎದೆಯಲ್ಲಿ ಕಫ ಕಟ್ಟಿ ಜ್ವರ ಬಂತು. ಕೆಮ್ಮು ಮೇಲಿನ ಮನೆಗೆ ಕೇಳಿಸುತ್ತಿತ್ತು.

ತ್ರೆಂದಾಫಿಲಾ ಇಷ್ಟು ದಿನ ಯಾರಿಗೂ ಏನೂ ಹೇಳಿರಲಿಲ್ಲ. ಅಂದು ಅವಳು ಹೊಲಿಗೆ ಯಂತ್ರವಿದ್ದ ಸಣ್ಣ ಕೋಣೆಯನ್ನು ಖಾಲಿ ಮಾಡಿದಳು. ಅಲ್ಲಿನ ರೇಡಿಯೇಟರನ್ನು ತಾನೇ ಇಕ್ಕಳ ಹಿಡಿದು ಪೂರ್ತಿ ತೆರೆದಳು. ಕೆಳಗೆ ಹೋಗಿ ಬೊಯ್ಕಾಳನ್ನು ಕಂಬಳಿ ಸಮೇತ ಎಬ್ಬಿಸಿಕೊಂಡು ಬಂದು ಅಲ್ಲಿ ಮಲಗಿಸಿದಳು, ಲಿಂಡೆನ್ ಹೂವಿನ ಚಹಾ ಕುಡಿಸಿದಳು.

"ತ್ರೆಂದಾ, ಈ ಕೋಣೆಯ ಬಿಸಿ ಎಲ್ಲಾ ಕಡೆಗೂ ಸೋರಿ ಹೋಗುತ್ತೆ," ಎಂದರು ಮೇಷ್ಟ್ರು ಬಾಗಿಲಲ್ಲಿ ನಿಂತು. "ಮೇಲಿನೋನು ಕೆಳಗಿನೋನು ಎಲ್ಲಾ ಹೀರ್ತಾರೆ. ನೀನು ಊರಿಗೆಲ್ಲ ಬಿಸಿ ಹಂಚ್ತಾ ಇದೀಯ."

"ಬ್ರೆಡ್ಡಿನ ಒಲೆ ಮುಂದೆ ನಿಂತಾಗಲೂ ಹಂಚ್ತಾನೇ ಇದ್ದೆ. ಬಾಗಿಲು ಹಾಕು, ಗಾಳಿ ಬರ್ತಿದೆ."

"ನಾನು ಒಳಗೆ ಬಂದು ಹಾಕ್ಲೋ, ಹೊರಗಿಂದ ಹಾಕ್ಲೋ?"

"ಹೊರಗಿಂದ."

ಮೇಷ್ಟ್ರು ಹೊರಗಿಂದ ಹಾಕಿದರು. ಆ ಕೋಣೆಗೂ ಹಜಾರಕ್ಕೂ ನಡುವೆ ಇದ್ದದ್ದು ತೆಳುಗೋಡೆ, ಅಂಗೈ ಅಗಲಕ್ಕಿಂತ ದಪ್ಪವಿಲ್ಲದ್ದು. ಅದು ಕಾವನ್ನು ಹೆಚ್ಚು ಹೊತ್ತು ತಡೆಯುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಕುರ್ಚಿಯನ್ನು ತಂದು ಬೆನ್ನನ್ನು ಅದಕ್ಕೆ ಒತ್ತಿ ಕೂತರು. ಕಾಫಿ ಮುಗಿಯುವ ಹೊತ್ತಿಗೆ ಬೆನ್ನು ಹಿತವಾಗಿ ಬೆಚ್ಚಗಾಯಿತು. ಗೋಡೆಯಾಚೆ ಇಬ್ಬರು ಹೆಂಗಸರು ಏನೋ ಹೇಳಿಕೊಂಡು ನಗುವುದು, ನಡುವೆ ಬೊಯ್ಕಾ ಕೆಮ್ಮುವುದು ಕೇಳಿಸುತ್ತಿತ್ತು. ಹೀಗೆ ಎರಡು ಮೂರು ದಿನ ನಡೆಯಿತು. ಆಮೇಲೆ ಒಂದು ಮಧ್ಯಾಹ್ನ ಗೋಡೆಯಾಚೆ ಏನೋ ಭಾರವಾದದ್ದನ್ನು ಎಳೆಯುವ ಸದ್ದಾಯಿತು. ಉಣ್ಣೆ ಕಂಬಳಿಗಳು, ಚಳಿಗಾಲದ ಕೋಟುಗಳು ತುಂಬಿದ ಬೀರು ಅದು. ಅದನ್ನು ತಂದು ಗೋಡೆಗೆ ಒತ್ತಿ ನಿಲ್ಲಿಸಿದ್ದರು. ಉಣ್ಣೆ ಕಾವನ್ನು ಹೇಗೆ ಹಿಡಿದಿಡುತ್ತದೆ ಎಂಬ ಪಾಠವನ್ನು ಅವರೇ ಹೆಂಡತಿಗೆ ಮದುವೆಯಾದ ಹೊಸತರಲ್ಲಿ, ಬೇರೆ ಮಾತು ಸಿಗದೆ, ಹೇಳಿದ್ದರು. ಸಂಜೆಗೆ ಗೋಡೆ ತಣ್ಣಗಾಯಿತು.

ಬಹಳ ಹೊತ್ತು ಕೂತಿದ್ದು, ಮೇಷ್ಟ್ರು ಎದ್ದು ಬಾಗಿಲು ತಟ್ಟಿದರು. ತಮ್ಮದೇ ಮನೆಯ ಬಾಗಿಲು ತಟ್ಟಿದ್ದು ಅದೇ ಮೊದಲು.

"ತ್ರೆಂದಾ, ಒಳಗೆ ಬರ್ಲಾ?"

ಒಳಗೆ ಪಿಸುಮಾತಿನ ಸಮಾಲೋಚನೆ ನಡೆಯಿತು. ಬಾಗಿಲು ಒಂದು ಗೇಣು ತೆರೆಯಿತು.

"ಬಾ," ಎಂದಳು ತ್ರೆಂದಾಫಿಲಾ. "ಕೂತ್ಕೋ. ಆದರೆ ವಿವರಿಸಬೇಡ."

ಅವರು ಒಳಗೆ ಹೋದರು. ಕಿಟಕಿಯ ಗಾಜಿನ ಒಳಮೈಯಲ್ಲಿ ನೀರು ಹನಿಗಟ್ಟಿ ಇಳಿಯುತ್ತಿತ್ತು. ಅದು ಯಾಕೆ ಹಾಗಾಗುತ್ತದೆ ಎಂದು ಅವರ ನಾಲಿಗೆ ತುದಿಗೆ ಬಂತು. ಬೊಯ್ಕಾ ಕಂಬಳಿಯೊಳಗಿಂದ ಒಂದು ಕಣ್ಣು ತೆರೆದು ನೋಡಿದಳು. ಮೇಷ್ಟ್ರು ಬಾಯಿ ಮುಚ್ಚಿ, ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಹೆಂಡತಿಯ ಪಕ್ಕದಲ್ಲಿ ಕೂತರು. ವಸಂತ ಬರುವ ತನಕ ಹಾಗೆಯೇ ಕೂತಿದ್ದರು. ಒಮ್ಮೊಮ್ಮೆ ಕಷ್ಟವಾಗುತ್ತಿತ್ತು.